ಬಲಗೆನ್ನೆಗೆ ಬಿಸಿಲು ಬಿದ್ದ ದಿನ

ದಿನಾ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರಿಗೆ ಊರಿನ ಕಟ್ಟಡಗಳು ಬದಲಾಗುವುದು ಬೇರೆಯವರಿಗಿಂತ ಜಾಸ್ತಿ ಗೊತ್ತಾಗುತ್ತದಾ, ಏನೇನು ಕಂಡಿದ್ದೀರಿ ಅಂತ ಕೇಳಿದ್ದೀರಿ. ಗೊತ್ತಾಗುತ್ತದೆ. ಎಷ್ಟೋ ಸಲ ಕಣ್ಣಿಗಿಂತ ಮೊದಲು ಮೈಗೆ ಗೊತ್ತಾಗುತ್ತದೆ.

ನಾನು 2013ರಿಂದ ಬೆಂಗಳೂರಿನ ಜಯನಗರದಿಂದ ಕಬ್ಬನ್ ಪಾರ್ಕ್ ಹತ್ತಿರದ ಆಫೀಸಿಗೆ ಸೈಕಲ್ ತುಳಿಯುತ್ತಿದ್ದೇನೆ. ಬೆಳಿಗ್ಗೆ ಉತ್ತರಕ್ಕೆ ಹೋಗುವುದರಿಂದ ಸೂರ್ಯ ಬಲಗಡೆ ಇರುತ್ತಾನೆ. ಒಂದು ದಿನ ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ ಬಲಗೆನ್ನೆಗೆ ಚುರುಕ್ ಅಂತ ಬಿಸಿಲು ಬಿತ್ತು. ಅಲ್ಲಿ ಅದುವರೆಗೆ ಬಿಸಿಲು ಬಿದ್ದದ್ದೇ ಇಲ್ಲ. ತಿರುಗಿ ನೋಡಿದರೆ ಮಾವಿನ ಮರ ಇಲ್ಲ, ಅದರ ಹಿಂದಿನ ಮನೆಯೂ ಇಲ್ಲ. ಒಂದೂವರೆ ವರ್ಷದ ಮೇಲೆ ಅದೇ ಜಾಗದಲ್ಲಿ ನೆರಳು ವಾಪಸ್ ಬಂತು. ಈ ಸಲ ಐದು ಅಂತಸ್ತಿನ ಗೋಡೆಯ ನೆರಳು.

ಒಂದು ಮನೆ ಹೋಗುತ್ತದೆ ಅನ್ನುವುದು ನನಗೆ ಈಗ ಮುಂಚೆಯೇ ತಿಳಿಯುತ್ತದೆ. ಮೊದಲು ಗೇಟಿನ ಮುಂದೆ ರಂಗೋಲಿ ನಿಲ್ಲುತ್ತದೆ. ಆಮೇಲೆ ಕಾಂಪೌಂಡಿನ ಹೂವಿನ ಕುಂಡಗಳು ಕಾಣೆಯಾಗುತ್ತವೆ. ಕೆಲವು ವಾರ ಬೀಗ. ನಂತರ ಹಳೇ ಮರಮುಟ್ಟಿನವರು ಬಂದು ಬಾಗಿಲು, ಕಿಟಕಿ, ಚೌಕಟ್ಟು ಕಿತ್ತುಕೊಂಡು ಹೋಗುತ್ತಾರೆ. ತೇಗ ಅಲ್ವಾ, ಅದಕ್ಕೆ ಬೆಲೆ ಇದೆ. ಕಿಟಕಿ ಹೋದ ಮನೆಯನ್ನು ನೋಡುವುದು ನನಗೆ ಪೂರ್ತಿ ಬಿದ್ದ ಮನೆಯನ್ನು ನೋಡುವುದಕ್ಕಿಂತ ಕಷ್ಟ. ಒಳಗಿನ ಕೆಂಪು ಗಾರೆ ನೆಲ, ದೇವರ ಗೂಡು, ಗೋಡೆಯಲ್ಲಿ ಕ್ಯಾಲೆಂಡರ್ ತೂಗಿದ್ದ ಜಾಗದ ಮಚ್ಚೆ, ಎಲ್ಲ ಬೀದಿಗೆ ಕಾಣುತ್ತದೆ.

ಹೆಂಚನ್ನು ಮಾತ್ರ ಜೋಪಾನವಾಗಿ ಇಳಿಸಿ ಗೋಡೆಗೆ ಒರಗಿಸಿ ಇಡುತ್ತಾರೆ. ಒಮ್ಮೆ ಸೈಕಲ್ ನಿಲ್ಲಿಸಿ ಒಂದನ್ನು ಮಗುಚಿ ನೋಡಿದೆ. ಮಂಗಳೂರಿನ ಕಾರ್ಖಾನೆಯ ಹೆಸರು ಅಚ್ಚಾಗಿತ್ತು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಅಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಘಟ್ಟ ಹತ್ತಿ ಬಂದ ಹೆಂಚು ಅಷ್ಟು ವರ್ಷ ಮಳೆ ತಡೆದು, ಒಂದೂ ಒಡೆಯದೆ ಕೆಳಗೆ ಕೂತಿತ್ತು. ಆಮೇಲೆ ಜೆಸಿಬಿ ಬಂದರೆ ಎರಡೇ ದಿನದ ಕೆಲಸ. ಬೋರ್‌ವೆಲ್, ಪಾಯ, ರಸ್ತೆಗೆ ಚೆಲ್ಲಿದ ಜಲ್ಲಿ ಮತ್ತು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು. ಈ ಎಂ-ಸ್ಯಾಂಡ್ ಮೇಲೆ ಸೈಕಲ್ ಜಾರುತ್ತದೆ, ತಿರುವಿನಲ್ಲಿ ಹುಷಾರಾಗಿರಿ.

ಎಲ್ಲರೂ ಕಟ್ಟಡಗಳು ಎತ್ತರ ಆದವು ಅನ್ನುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಬದಲಾವಣೆ ಕೆಳಗೆ ಆಗಿದೆ ಅನ್ನಿಸುತ್ತದೆ. ಸೈಕಲ್ ಮೇಲೆ ಕೂತವನ ಕಣ್ಣು ಹಳೇ ಕಾಂಪೌಂಡ್ ಗೋಡೆಗಿಂತ ಸ್ವಲ್ಪ ಮೇಲಿರುತ್ತದೆ. ಹಾಗಾಗಿ ವರಾಂಡ ಕಾಣುತ್ತಿತ್ತು. ಪೇಪರ್ ಓದುವ ತಾತ, ಹೂ ಕಟ್ಟುವ ಅಜ್ಜಿ, ಮೆಟ್ಟಿಲ ಮೇಲೆ ಶೂ ಹಾಕಿಕೊಳ್ಳುವ ಮಗು. ಅವರಿಗೂ ನಾನು ಕಾಣುತ್ತಿದ್ದೆ. ಎರಡು ದಿನ ರಜಾ ಹಾಕಿದರೆ ಮೂರನೇ ದಿನ ಒಬ್ಬರು, "ಏನಪ್ಪಾ, ಹುಷಾರಿರಲಿಲ್ವಾ?" ಅಂತ ಕೇಳುತ್ತಿದ್ದರು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಆದರೂ ಕೇಳುತ್ತಿದ್ದರು. ಈಗ ಅದೇ ಜಾಗದಲ್ಲಿ ಕಂಬಗಳ ಮೇಲೆ ನಿಂತ ಅಪಾರ್ಟ್‌ಮೆಂಟು. ನೆಲದ ಮಟ್ಟದಲ್ಲಿ ಬರೀ ಕಾರುಗಳು. ಜನ ಮೊದಲನೇ ಮಹಡಿಯಿಂದ ಮೇಲಕ್ಕೆ ಇದ್ದಾರೆ. ಬೀದಿಗೆ ಮುಖ ಕೊಟ್ಟು ಕೂತಿರುವವರು ವಾಚ್‌ಮನ್ ಒಬ್ಬರೇ. ಈಗ ನಾನು ತಲೆ ಆಡಿಸುವುದು ಅವರಿಗೆ.

ಮನೆ ಮಾರಿದವರನ್ನು ನಾನು ಬೈಯುವುದಿಲ್ಲ. 40–60 ಅಡಿ ಸೈಟಿನ ಒಂದು ಮನೆಗೆ ನಾಲ್ಕು ಜನ ಮಕ್ಕಳು ಪಾಲುದಾರರಾದರೆ ಮನೆಯನ್ನು ಕೊಯ್ದು ಹಂಚೋಕಾಗುತ್ತಾ? ಬಿಲ್ಡರ್ ಬಂದು ತಲೆಗೊಂದು ಫ್ಲಾಟ್ ಕೊಡುತ್ತೇನೆ ಅಂದಾಗ ಜಗಳ ಇಲ್ಲದೆ ಮುಗಿಯುತ್ತದೆ. ಹೆಂಚಿನ ಮನೆ ರಿಪೇರಿಗೆ ಕೆಲಸ ಬಲ್ಲವರು ಸಿಗುವುದೂ ಕಷ್ಟ. ವಯಸ್ಸಾದವರಿಗೆ ಲಿಫ್ಟು, ಒಳಗೇ ಬಚ್ಚಲು, ಅಕ್ಕಪಕ್ಕ ಜನ, ಇವೂ ಬೇಕು. ಇದೆಲ್ಲ ನಿಜ. ಬಸವನಗುಡಿಯೂ ಒಂದು ಕಾಲಕ್ಕೆ ಹೊಸ ಬಡಾವಣೆಯೇ, 1898ರ ಪ್ಲೇಗ್ ಆದಮೇಲೆ ಪೇಟೆಯ ಇಕ್ಕಟ್ಟು ಬಿಟ್ಟು ಬಂದವರು ಬೆಳೆಸಿದ್ದು. ಆದರೂ ಕಿಟಕಿ ಮೇಲೆ ಚೂಪು ಟೋಪಿಯಂಥ ಮರದ ಚಾವಣಿ ಇರುವ ಮನೆ, ಅದನ್ನೇ ಮಂಕಿ ಟಾಪ್ ಅನ್ನುತ್ತಾರೆ, ನನ್ನ ದಾರಿಯಲ್ಲಿ ಈಗ ಎರಡೇ ಉಳಿದಿವೆ. ಅವುಗಳ ಮುಂದೆ ಬಂದಾಗ ಪೆಡಲ್ ನಿಲ್ಲಿಸಿ ಸುಮ್ನೆ ಉರುಳಲು ಬಿಡುತ್ತೇನೆ.

ಸಿನಿಮಾ ಟಾಕೀಸುಗಳದು ಬೇರೆ ಥರ. ಮಿನರ್ವ ಸರ್ಕಲ್‌ನಲ್ಲಿ ಮಿನರ್ವ ಇಲ್ಲ, ಹೆಸರು ಮಾತ್ರ ಇದೆ. ನಂದಾ ಟಾಕೀಸೂ ಅಷ್ಟೇ. ಮೆಟ್ರೊ ಬಗ್ಗೆ ನನಗೆ ಎರಡು ಮನಸ್ಸು. 2009ರಲ್ಲಿ ಅದಕ್ಕಾಗಿ ಲಕ್ಷ್ಮಣರಾವ್ ಉದ್ಯಾನದ ಮರಗಳನ್ನು ಕಡಿದಾಗ ಜನ ಬೀದಿಗಿಳಿದಿದ್ದರು. 2017ರಲ್ಲಿ ಈ ಭಾಗಕ್ಕೆ ರೈಲು ಬಂತು. ಸಾವಿರಾರು ಜನ ಅದರಲ್ಲಿ ಹೋಗುತ್ತಾರೆ, ಮಳೆ ಜೋರಾದರೆ ನಾನೂ ಹೋಗುತ್ತೇನೆ. ಅದೇ ಸೌತ್ ಎಂಡ್ ನಿಲ್ದಾಣದ ಪ್ಲಾಟ್‌ಫಾರಂನಿಂದ ನೋಡಿದರೆ ಎಷ್ಟು ತಾರಸಿಗಳು ಹಸಿರು ಬಲೆ ಹೊದ್ದಿವೆ ಅನ್ನುವುದು ಕಾಣುತ್ತದೆ. ಕೆಳಗಿಂದ ನನಗೆ ಅದು ಕಾಣುವುದಿಲ್ಲ.

ನೀವೂ ಸೈಕಲ್ ಶುರು ಮಾಡುವುದಾದರೆ ಮೇನ್ ರೋಡ್ ಬಿಟ್ಟು ಅಡ್ಡರಸ್ತೆ ಹಿಡಿಯಿರಿ. ಹತ್ತು ನಿಮಿಷ ಜಾಸ್ತಿ ಆಗುತ್ತದೆ, ಆಗಲಿ. ವಾರಕ್ಕೊಂದು ಮನೆಯ ಫೋಟೊ ತೆಗೆಯಿರಿ, ಗೇಟಿನ ಹೊರಗೆ ನಿಂತು, ಮನೆಯವರು ಇದ್ದರೆ ಕೇಳಿಕೊಂಡು. ನಾನು ಸುಮಾರು ಐದು ವರ್ಷದಿಂದ ತೆಗೆಯುತ್ತಿದ್ದೇನೆ. ಕಳೆದ ವರ್ಷ ಹೀಗೆ ಒಂದು ಖಾಲಿ ಸೈಟಿನ ಮುಂದೆ ನಿಂತಿದ್ದಾಗ ಒಬ್ಬರು ಅಮ್ಮ ಬಂದರು. ತಾವು ಮದುವೆಯಾಗಿ ಬಂದು ಸೇರಿದ್ದು ಇಲ್ಲೇ ಇದ್ದ ಮನೆಗೆ ಅಂದರು. ನನ್ನ ಫೋನಿನಲ್ಲಿ ಅದರ ಚಿತ್ರ ಇತ್ತು, ತೋರಿಸಿದೆ. ಅವರ ಮನೆಯಲ್ಲಿ ನಾಮಕರಣ, ಮುಂಜಿ, ಮದುವೆ ಎಲ್ಲದರ ಆಲ್ಬಂ ಇದೆಯಂತೆ. ಎಲ್ಲದರಲ್ಲೂ ಜನ ಇದ್ದಾರೆ, ಅವರ ಹಿಂದೆ ಒಂದು ಚೂರು ಬಾಗಿಲು, ಒಂದು ಚೂರು ಕಂಬ. ಪೂರ್ತಿ ಮನೆ ಒಂದರಲ್ಲೂ ಇಲ್ಲ. ಅಲ್ಲೇ ನಿಂತು ಅವರ ನಂಬರಿಗೆ ಕಳಿಸಿದೆ. ಅವರು ಚಿತ್ರವನ್ನು ದೊಡ್ಡದು ಮಾಡಿ, ಮಹಡಿಯ ಒಂದು ಕಿಟಕಿಯ ಮೇಲೆ ಬೆರಳಿಟ್ಟು, "ಇದು ನನ್ನ ರೂಮು" ಅಂದರು.