ಎಲೆ ವಾಪಸ್ ಹಾಕಿದಿರಾ, ಇಲ್ವಾ?

ನಮಸ್ಕಾರ. ಇಸ್ಪೀಟೆಲೆ ಇಟ್ಟುಕೊಂಡು ಸಂಭವನೀಯತೆ ಹೇಳಿಕೊಡುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕುವುದಕ್ಕೆ ಆಗುವುದಿಲ್ಲ. ಹಾಗಂತ ಬಿಸಾಡುವಂಥದ್ದೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. 'ಅನಾದಿ ಕಾಲದಿಂದಲೂ ಮಾನವನು ಅನಿಶ್ಚಿತತೆಯ ಸುಳಿಯಲ್ಲಿ' ಅಂತ ಶುರು ಮಾಡಿದರೆ ಓದುವವರು ಅಲ್ಲೇ ಎದ್ದು ಕಾಫಿಗೆ ಹೋಗುತ್ತಾರೆ. ಆಮೇಲೆ ಈ ಸ್ಪೇಡ್, ಕ್ಲಬ್ ಎಲ್ಲ ಯಾಕೆ? ಇಸ್ಪೀಟು, ಆಟಿನ್, ಡೈಮಂಡ್, ಕಳಾವರ್ ಅನ್ನಿ. ಜಾಕ್ ಬೇಡ, ಗುಲಾಮ ಅನ್ನಿ. ಜಗಲಿ ಮೇಲೆ ಕೂತು ಆಡುವವರ ಬಾಯಲ್ಲಿ ಬರುವುದು ಅದೇ ತಾನೇ.

ಇನ್ನು ಲೆಕ್ಕ. 52 ಎಲೆಯಲ್ಲಿ ಎಕ್ಕ 4, ಹಾಗಾಗಿ 13ಕ್ಕೆ 1, ಇದು ಸರಿ. ಕೆಂಪು ಎಲೆ ಅಥವಾ ರಾಜ ಸಿಗುವುದಕ್ಕೆ ಮಾತ್ರ 26ಕ್ಕೆ 4 ಕೂಡಿಸಿ 30 ಅಂದಿದ್ದೀರಿ. ಆಟಿನ್ ರಾಜ, ಡೈಮಂಡ್ ರಾಜ ಇಬ್ಬರೂ ಆಗಲೇ ಆ 26ರ ಒಳಗೆ ಕೂತಿದ್ದಾರಲ್ಲ! 28 ಆಗಬೇಕು, ಅಂದರೆ 13ಕ್ಕೆ 7. ಇದನ್ನು ಸುಮ್ನೆ ತಿದ್ದಿ ಮುಚ್ಚಿಬಿಡಬೇಡಿ, ನೀವು ಎಡವಿದ್ದನ್ನೇ ಲೇಖನದಲ್ಲಿ ಬರೆಯಿರಿ, ಓದುವವರಿಗೆ ಅಲ್ಲೇ ಜಾಸ್ತಿ ಅರ್ಥವಾಗುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಬೇರೆ ಕಡೆ. ಎರಡು ಎಲೆ ಎಳೆದರೆ ಎರಡೂ ಎಕ್ಕ ಆಗುವ ಸಾಧ್ಯತೆ 169ಕ್ಕೆ 1 ಅಂತ ಬರೆದಿದ್ದೀರಿ. ಮೊದಲ ಎಲೆಯನ್ನು ಕಟ್ಟಿಗೆ ವಾಪಸ್ ಹಾಕಿ ಕಲೆಸಿದರೆ ಮಾತ್ರ ಅದು ಸರಿ. ಕೈಯಲ್ಲೇ ಹಿಡಿದುಕೊಂಡಿದ್ದರೆ ಉಳಿದ 51ರಲ್ಲಿ ಎಕ್ಕ ಮೂರೇ, ಆಗ 221ಕ್ಕೆ 1. ವಾಪಸ್ ಹಾಕಿದಿರಾ ಇಲ್ವಾ ಅನ್ನುವುದು ಇಡೀ ಲೇಖನದಲ್ಲಿ ಎಲ್ಲೂ ಇಲ್ಲ. ಮುಂದಿನ ಎಡವಟ್ಟೂ ಇದರಿಂದಲೇ ಹುಟ್ಟಿದ್ದು: ಸಾಲಾಗಿ ಐದು ಕಪ್ಪು ಎಲೆ ಬಂದರೂ ಆರನೆಯದು ಕೆಂಪಾಗುವ ಸಾಧ್ಯತೆ ಅರ್ಧವೇ, ನಾಣ್ಯದ ಹಾಗೆ, ಅಂದಿದ್ದೀರಿ. ನಾಣ್ಯಕ್ಕೆ ಹಿಂದಿನದು ಗೊತ್ತಿರುವುದಿಲ್ಲ, ನಿಜ. ಆದರೆ ಆ ಐದು ಎಲೆ ಚಾಪೆ ಮೇಲೆ ಬಿದ್ದಿದ್ದರೆ ಉಳಿದ 47ರಲ್ಲಿ ಕೆಂಪು 26, ನೂರಕ್ಕೆ 55ರ ಮೇಲಾಯಿತು. ರಮ್ಮಿ ಆಡುವವರು ಯಾರು ಯಾವ ಎಲೆ ಬಿಟ್ಟರು ಅಂತ ಕಣ್ಣಿಟ್ಟು ನೋಡುವುದು ಇದಕ್ಕೇ ಅಲ್ವಾ?

ಅಂದರ್ ಬಾಹರ್ ಬಗ್ಗೆ ಕೊನೆಯಲ್ಲಿ ಒಂದೇ ಸಾಲು, 'ಎರಡೂ ಕಡೆ ಸಮ' ಅಂತ. ಮಧ್ಯೆ ಒಂದು ಎಲೆ ತೆರೆದಿಟ್ಟು, ಅದರ ಜೋಡಿ (ರಾಜನಿಗೆ ಇನ್ನೊಂದು ರಾಜ, ಹಾಗೆ) ಬರುವ ತನಕ ಎರಡು ಕಡೆಗೂ ಒಂದೊಂದೇ ಎಲೆ ಹಾಕುತ್ತಾ ಹೋಗುವ ಆಟ ಅದು; ಜೋಡಿ ಬಿದ್ದ ಕಡೆ ಗೆದ್ದಂತೆ. ಸಮ ಅಲ್ಲ! ಮೊದಲ ಎಲೆ ಬೀಳುವ ಕಡೆಗೆ ಪ್ರತಿ ಸುತ್ತಿನಲ್ಲೂ ಮೊದಲು ಅವಕಾಶ, ಹಾಗಾಗಿ ನೂರಕ್ಕೆ ಸುಮಾರು 51.5 ಸಲ ಆ ಕಡೆಯೇ ಗೆಲ್ಲುತ್ತದೆ. ಇಷ್ಟು ಒಳ್ಳೆ ವಿಷಯವನ್ನು ಬಾಲದಲ್ಲಿ, ಅದೂ ತಪ್ಪಾಗಿ ಇಟ್ಟಿದ್ದೀರಲ್ಲ ಮಾರಾಯರೇ. ಅದನ್ನೇ ತಲೆಗೆ ತನ್ನಿ, 600 ಪದದೊಳಗೆ ಮುಗಿಸಿ ಇನ್ನೊಮ್ಮೆ ಕಳಿಸಿ. ಹಾಂ, ಜೋಕರ್‌ಗಳನ್ನು ತೆಗೆದಿಟ್ಟು 52 ಅಂತ ಮೊದಲೇ ಒಂದು ಮಾತು ಹೇಳಿ, ಇಲ್ಲದಿದ್ದರೆ ಅದಕ್ಕೊಂದು ಪತ್ರ ಬರೆಯುವವರು ಇದ್ದೇ ಇದ್ದಾರೆ.