ಓದುಗರ ಪ್ರಶ್ನೆ: ಮಟ್ಟಾಂಚೇರಿಯ ಯಹೂದಿ ಬೀದಿಗೆ ಯಾವ ವಾರ ಹೋಗಬೇಕು?

ಪ್ರಶ್ನೆ: ಮಾನ್ಯರೇ, ನಾನು ತುಮಕೂರಿನ ನಿವೃತ್ತ ಶಿಕ್ಷಕಿ. ಸಮಾಜ ವಿಜ್ಞಾನದ ಪಾಠದಲ್ಲಿ ಕೊಚ್ಚಿಯ ಯಹೂದಿಗಳ ಬಗ್ಗೆ ಎರಡು ಮಾತು ಹೇಳಿ ಮುಂದಕ್ಕೆ ಹೋಗುತ್ತಿದ್ದವಳಿಗೆ ಆ ಬೀದಿಯನ್ನು ಕಣ್ಣಾರೆ ನೋಡಬೇಕೆಂಬ ಆಸೆ. ದಸರಾ ರಜೆಯಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಮತ್ತು 78 ವರ್ಷದ ನಮ್ಮ ಅತ್ತಿಗೆಯವರೊಂದಿಗೆ ಹೋಗುವವರಿದ್ದೇವೆ. ಗುರುವಾರ ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತಿ, ಶುಕ್ರವಾರ ಮಧ್ಯಾಹ್ನ ಅರಮನೆ ನೋಡಿ, ಶನಿವಾರ ಪೂರ್ತಿ ಜ್ಯೂ ಟೌನಿನಲ್ಲಿ ಕಳೆಯುವ ಯೋಜನೆ ಸರಿಯೇ?

ಉತ್ತರ: ಊರನ್ನು ಆರಿಸಿದ್ದು ಸರಿ, ವಾರವನ್ನು ಆರಿಸಿದ್ದು ಸರಿಯಿಲ್ಲ. ಮಟ್ಟಾಂಚೇರಿಯ ಪರದೇಶಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಶನಿವಾರ ಪ್ರವಾಸಿಗರಿಗೆ ಬಾಗಿಲು ತೆರೆಯುವುದಿಲ್ಲ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಅವರಿಗೆ ಸಬ್ಬತ್, ಕೆಲಸ ಬಿಟ್ಟು ವಿಶ್ರಮಿಸುವ ದಿನ. ಆದ್ದರಿಂದ ಶುಕ್ರವಾರವೂ ಮಧ್ಯಾಹ್ನದ ಹೊತ್ತಿಗೇ ಮುಚ್ಚಿಬಿಡುತ್ತಾರೆ. ಪಕ್ಕದಲ್ಲೇ ಇರುವ ಮಟ್ಟಾಂಚೇರಿ ಅರಮನೆಗೆ ಶುಕ್ರವಾರವೇ ವಾರದ ರಜೆ. ನಿಮ್ಮ ಯೋಜನೆಯಂತೆ ಹೊರಟರೆ ಎರಡು ದಿನವೂ ಮುಚ್ಚಿದ ಬಾಗಿಲನ್ನೇ ನೋಡಿ ಬರಬೇಕಾದೀತು. ನಾನೂ ಒಮ್ಮೆ ಶನಿವಾರ ಹೋಗಿ, ಬಾಗಿಲ ಮುಂದೆ ನಿಂತು, ಗಡಿಯಾರದ ಗೋಪುರವನ್ನಷ್ಟೇ ನೋಡಿ ಹಿಂದಿರುಗಿದವನು. ಜೊತೆಗಿದ್ದ ತಮ್ಮ ಇವತ್ತಿಗೂ ಅದನ್ನು ಎತ್ತಿ ಆಡುತ್ತಾನೆ.

ದಸರಾ ರಜೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಯಹೂದಿಗಳ ಪಂಚಾಂಗವೂ ನಮ್ಮದರಂತೆ ಚಂದ್ರನನ್ನು ಹಿಡಿದು ನಡೆಯುವಂಥದ್ದು. ಋತುಗಳು ತಪ್ಪಬಾರದೆಂದು 19 ವರ್ಷಗಳಲ್ಲಿ 7 ಬಾರಿ ಅವರೂ ಅಧಿಕ ಮಾಸ ಸೇರಿಸುತ್ತಾರೆ. ಹೀಗಾಗಿ ಅವರ ಹೊಸ ವರ್ಷ ಹಲವು ಬಾರಿ ನಮ್ಮ ಮಹಾಲಯ ಅಮಾವಾಸ್ಯೆಯ ಆಸುಪಾಸಿಗೇ ಬರುತ್ತದೆ. ಅದಾದ ಹತ್ತನೆಯ ದಿನ ಉಪವಾಸದ ಯೋಮ್ ಕಿಪ್ಪುರ್, ಹುಣ್ಣಿಮೆಯಿಂದ ವಾರಕಾಲ ಪರ್ಣಶಾಲೆಗಳ ಹಬ್ಬವಾದ ಸುಕ್ಕೋತ್. ಹಬ್ಬದ ದಿನಗಳಲ್ಲಿಯೂ ಸಿನಗಾಗ್‌ಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಆ ವರ್ಷದ ಯಹೂದಿ ಹಬ್ಬಗಳ ತಾರೀಖನ್ನು ನೋಡಿಕೊಂಡ ಮೇಲೆಯೇ ಟಿಕೆಟ್ ಕಾಯ್ದಿರಿಸಿ. ಡಿಸೆಂಬರ್‌ಗೆ ಮುಂದೂಡಲು ಮನಸ್ಸಿದ್ದರೆ ಇನ್ನೂ ಒಳ್ಳೆಯದು. ಮಳೆ ನಿಂತಿರುತ್ತದೆ, ಸೆಕೆಯೂ ತುಸು ಕಡಿಮೆ.

ನನ್ನ ಸಲಹೆಯೆಂದರೆ, ಶನಿವಾರ ಸಂಜೆ ತುಮಕೂರಿನಿಂದ ಹೊರಟು ಬೆಂಗಳೂರಿನಲ್ಲಿ ರಾತ್ರಿಯ ರೈಲು ಹಿಡಿಯಿರಿ, ಭಾನುವಾರ ಬೆಳಿಗ್ಗೆ ಎರ್ನಾಕುಲಂನಲ್ಲಿ ಇಳಿಯಿರಿ. ಅಲ್ಲಿ ಜಂಕ್ಷನ್, ಟೌನ್ ಎಂದು ಎರಡು ನಿಲ್ದಾಣಗಳಿರುವುದರಿಂದ ನಿಮ್ಮ ರೈಲು ಯಾವುದಕ್ಕೆ ಹೋಗುತ್ತದೆಂದು ನೋಡಿಕೊಂಡು ವಸತಿ ಗೊತ್ತುಮಾಡಿ. ಹೈಕೋರ್ಟ್ ಬಳಿಯಿಂದ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೋ ದೋಣಿ ಇದೆ, ಅಲ್ಲಿಂದ ಮಟ್ಟಾಂಚೇರಿಗೆ ಆಟೋ. ಮೊಮ್ಮಕ್ಕಳಿಗೆ ದೋಣಿಯೇ ಒಂದು ಪ್ರವಾಸವಾದೀತು. ಸಿನಗಾಗ್ ಸಾಮಾನ್ಯವಾಗಿ ಬೆಳಿಗ್ಗೆ 10ರಿಂದ 1, ಮತ್ತೆ 3ರಿಂದ 5 ಗಂಟೆಯವರೆಗೆ ತೆರೆದಿರುತ್ತದೆ. ಬೆಳಗಿನ ಹೊತ್ತಿಗೆ ಅಲ್ಲಿಗೆ ಹೋಗಿ, ಅದು ಮುಚ್ಚಿರುವ ನಡುಹೊತ್ತಿನಲ್ಲಿ ಊಟ ಮುಗಿಸಿ ಅರಮನೆಯ ರಾಮಾಯಣದ ಭಿತ್ತಿಚಿತ್ರಗಳನ್ನು ನೋಡಿ. ಅರಮನೆಯಲ್ಲಿ ಮೆಟ್ಟಿಲು ಹತ್ತಬೇಕು; ನಿಮ್ಮ ಅತ್ತಿಗೆಯವರಿಗೆ ಮಂಡಿನೋವಿದ್ದರೆ ಅದನ್ನು ಬಿಡಬಹುದು. ಸಿನಗಾಗ್‌ನಲ್ಲಿ ಮುಖ್ಯವಾದದ್ದೆಲ್ಲ ನೆಲಮಟ್ಟದಲ್ಲೇ ಇದೆ.

ಒಳಗೆ ಹೋದಾಗ ಎಲ್ಲರೂ ತಲೆಯೆತ್ತಿ ಬೆಲ್ಜಿಯಂನ ಗಾಜಿನ ತೂಗುದೀಪಗಳನ್ನು ನೋಡುತ್ತಾರೆ. ನೀವು ಮೊದಲು ನೆಲ ನೋಡಿ. ಚೀನಾದಿಂದ 18ನೇ ಶತಮಾನದಲ್ಲಿ ಹಡಗಿನಲ್ಲಿ ಬಂದ ಬಿಳಿ ಬಿಲ್ಲೆಗಳ ಮೇಲೆ ನೀಲಿ ಬಣ್ಣದ ಚಿತ್ರಗಳಿವೆ. ಒಂದೊಂದನ್ನೂ ಕೈಯಲ್ಲೇ ಬರೆದಿರುವುದರಿಂದ ಅದೇ ಮರ ಒಂದು ಬಿಲ್ಲೆಯಲ್ಲಿ ದಟ್ಟವಾಗಿ, ಪಕ್ಕದ ಬಿಲ್ಲೆಯಲ್ಲಿ ತೆಳುವಾಗಿ ಬಂದಿರುತ್ತದೆ. ಒಂದರಂತೆ ಇನ್ನೊಂದಿಲ್ಲವೆಂಬುದು ಅಲ್ಲಿನವರ ಮಾತು. ಪಂದ್ಯ ಕಟ್ಟಿ ಜೋಡಿ ಹುಡುಕಲು ಮೊಮ್ಮಕ್ಕಳಿಗೆ ಹೇಳಿ, ಅಷ್ಟರಲ್ಲಿ ನೀವು ನೆಮ್ಮದಿಯಾಗಿ ನಡುವಿನ ಹಿತ್ತಾಳೆ ಕಟಕಟೆಯ ವೇದಿಕೆಯನ್ನೂ ಧರ್ಮಗ್ರಂಥದ ಸುರುಳಿಗಳಿರುವ ಗೂಡನ್ನೂ ನೋಡಬಹುದು.

ಪ್ರಶ್ನೆ: ಕೊಬ್ಬರಿ ವ್ಯಾಪಾರದ ಮೇಲೆ ಕೊಚ್ಚಿಗೆ ಹೋದಾಗ ಎರಡು ಸಲ ಜ್ಯೂ ಟೌನಿನಲ್ಲಿ ಅಡ್ಡಾಡಿದ್ದೇನೆ. ಹಳೆಯ ಸಾಮಾನಿನ ಅಂಗಡಿ, ಶಾಲು, ಅತ್ತರು ಬಿಟ್ಟರೆ ಏನೂ ಕಾಣಲಿಲ್ಲ. ಯಹೂದಿಗಳೇ ಇಲ್ಲದ ಯಹೂದಿ ಬೀದಿಯಲ್ಲಿ ನೋಡುವುದೇನಿದೆ? (ತಿಪಟೂರಿನ ಓದುಗರು)

ಉತ್ತರ: ನಿಮ್ಮ ಅಸಮಾಧಾನದಲ್ಲಿ ನ್ಯಾಯವಿದೆ. ಇಸ್ರೇಲ್ ದೇಶ 1948ರಲ್ಲಿ ಹುಟ್ಟಿದ ಮೇಲೆ ಕೊಚ್ಚಿಯ ಯಹೂದಿಗಳಲ್ಲಿ ಬಹುಪಾಲು ಜನ ಅಲ್ಲಿಗೆ ಹೋಗಿ ನೆಲೆಸಿದರು. ಈ ಬೀದಿಯಲ್ಲೇ ಕಸೂತಿ ಅಂಗಡಿ ಇಟ್ಟುಕೊಂಡು ಪ್ರವಾಸಿಗರಿಗೆಲ್ಲ ಪರಿಚಿತರಾಗಿದ್ದ ಸಾರಾ ಕೋಹೆನ್ 2019ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಆದರೆ ವ್ಯಾಪಾರಿಯಾದ ನೀವು ಈ ಬೀದಿಯನ್ನು ಪೇಟೆಯಾಗಿ ನೋಡಿದರೆ ಬೇರೆಯೇ ಕಾಣುತ್ತದೆ. ತುಮಕೂರಿನ ಮಂಡಿಪೇಟೆಯಲ್ಲಿ ಹುಣಸೆಯ ವಾಸನೆ ಮೂಗಿಗೆ ಹತ್ತುವಂತೆ ಅಲ್ಲಿ ಒಣಶುಂಠಿ, ಮೆಣಸಿನ ಘಾಟು. ಯಹೂದಿಗಳನ್ನು ಆ ಕರಾವಳಿಗೆ ಸೆಳೆದದ್ದರಲ್ಲಿ ಆ ಘಾಟಿನ ಪಾಲು ದೊಡ್ಡದು.

ಸುಮಾರು ಕ್ರಿ.ಶ. 1000ದಲ್ಲಿ ಚೇರ ದೊರೆ ಭಾಸ್ಕರ ರವಿವರ್ಮ, ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ 72 ಹಕ್ಕುಗಳನ್ನು ತಾಮ್ರಪಟದಲ್ಲಿ ಬರೆಸಿಕೊಟ್ಟ. ಪಲ್ಲಕ್ಕಿ, ಛತ್ರಿ, ಹಗಲು ದೀಪ, ತೆರಿಗೆ ವಿನಾಯಿತಿ ಎಲ್ಲವೂ ಅದರಲ್ಲಿ ಸೇರಿದ್ದವು. ನಮ್ಮ ಕಡೆಯ ವೀರಶಾಸನ, ದಾನಶಾಸನಗಳನ್ನು ನೋಡಿ ಬಲ್ಲವರಿಗೆ ಇದರ ತೂಕವನ್ನು ಬಿಡಿಸಿ ಹೇಳಬೇಕಿಲ್ಲ. ಆಗ ಅವರ ನೆಲೆ ಕೊಡುಂಗಲ್ಲೂರು. 16ನೇ ಶತಮಾನದಲ್ಲಿ ಅಲ್ಲಿ ದಾಳಿಗಳಾಗಿ, ಪೋರ್ಚುಗೀಸರ ಕಿರುಕುಳವೂ ಹೆಚ್ಚಿದಾಗ, ಕೊಚ್ಚಿಯ ರಾಜ ತನ್ನ ಅರಮನೆಯ ಮಗ್ಗುಲಲ್ಲೇ ಜಾಗ ಕೊಟ್ಟ. ಸಿನಗಾಗ್ ಎದ್ದದ್ದು 1568ರಲ್ಲಿ. 1662ರಲ್ಲಿ ಪೋರ್ಚುಗೀಸರು ಅದನ್ನು ಹಾಳುಗೆಡವಿದರು, ಡಚ್ಚರು ಬಂದ ಮೇಲೆ ದುರಸ್ತಿಯಾಯಿತು. ಇವತ್ತಿಗೂ ಅರಮನೆಯ ದೇವಸ್ಥಾನವೂ ಸಿನಗಾಗ್ ಕೂಡ ಒಂದಕ್ಕೊಂದು ಬೆನ್ನು ಕೊಟ್ಟಂತೆ ನಿಂತಿವೆ. ಮುಂದಿನ ಸಲ ಹೋದಾಗ ಆ ಒಂದು ಗೋಡೆಯ ಎರಡು ಬದಿಯನ್ನೂ ನೋಡಿ.

ಹೆಸರಿನ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ‘ಪರದೇಶಿ’ ಎಂದರೆ ದಿಕ್ಕಿಲ್ಲದವನು; ಅಲ್ಲಿ ಸ್ಪೇನ್ ಮೊದಲಾದ ಕಡೆಯಿಂದ ತಡವಾಗಿ ಬಂದವರು ಎಂದಷ್ಟೇ ಅರ್ಥ. ಅವರಿಗಿಂತ ಎಷ್ಟೋ ಮೊದಲೇ ನೆಲೆಸಿದ್ದ ಮಲಬಾರ್ ಯಹೂದಿಗಳಿಗೆ ಬೇರೆ ಸಿನಗಾಗ್‌ಗಳಿದ್ದವು. ಪರದೇಶಿಗಳ ನಡುವೆಯೂ ಭೇದವಿತ್ತು. ಒಡೆಯರ ಮನೆಯ ದಾಸ್ಯದಿಂದ ಬಿಡುಗಡೆಯಾದವರ ವಂಶಸ್ಥರಿಗೆ ಸಿನಗಾಗ್‌ನಲ್ಲಿ ಸಮನಾಗಿ ಕೂರುವ ಹಕ್ಕಿರಲಿಲ್ಲ. ಆ ಕುಲದವರೇ ಆದ ವಕೀಲ ಎ.ಬಿ. ಸೇಲಂ ಅದರ ವಿರುದ್ಧ ಸತ್ಯಾಗ್ರಹ ಹೂಡಿದರು, ‘ಯಹೂದಿ ಗಾಂಧಿ’ ಎಂದು ಹೆಸರಾದರು. ಅಂಗಡಿಯ ಶಾಲಿಗಿಂತ ಈ ಕತೆ ಆ ಬೀದಿಯದ್ದೇ ಸರಕು ಎಂದು ನನಗನ್ನಿಸುತ್ತದೆ.

ಮಲಬಾರ್ ಯಹೂದಿಗಳ ಒಂದು ಸಿನಗಾಗ್ ನೀವು ವ್ಯಾಪಾರಕ್ಕೆ ಹೋಗುವ ಎರ್ನಾಕುಲಂ ಮಾರುಕಟ್ಟೆಯಲ್ಲೇ ಇದೆ. ಹೆಸರು ಕಡವುಂಭಾಗಂ. ಮುಂದೆ ಗಿಡಗಳ, ಬಣ್ಣದ ಮೀನುಗಳ ಅಂಗಡಿ. ಗಾಜಿನ ತೊಟ್ಟಿಗಳ ಸಾಲು ದಾಟಿ ಒಳಹೋದರೆ ಪ್ರಾರ್ಥನಾ ಮಂದಿರ. ವಾರದ ನಡುವೆ ಅಂಗಡಿ ತೆರೆದಿರುವಾಗ ಕೇಳಿಕೊಂಡು ಹೋಗಿ. ಒಂದು ದಿನ ಹೆಚ್ಚಿಗೆ ಸಿಕ್ಕರೆ ಪರವೂರು, ಚೇಂದಮಂಗಲಂಗಳ ಸಿನಗಾಗ್‌ಗಳನ್ನೂ ನೋಡಬಹುದು, ಸೋಮವಾರವೊಂದನ್ನು ಬಿಟ್ಟು. ಚೇಂದಮಂಗಲಂನಲ್ಲಿ 1269ರ ಹೀಬ್ರೂ ಸಮಾಧಿ ಶಿಲೆಯಿದೆ, ಸಾರಾ ಎಂಬ ಹೆಣ್ಣುಮಗಳದ್ದು.

ಪ್ರಶ್ನೆ: ಸಿನಗಾಗ್ ಒಳಗೆ ಬೇರೆ ಧರ್ಮದವರು ಹೋಗಬಹುದೇ? ಉಡುಪಿನ ಕಟ್ಟುಪಾಡು ಇದೆಯೇ? (ಮಧುಗಿರಿಯ ವಿದ್ಯಾರ್ಥಿನಿ)

ಉತ್ತರ: ಧಾರಾಳವಾಗಿ ಹೋಗಬಹುದು, ಸಣ್ಣ ಮೊತ್ತದ ಪ್ರವೇಶ ಟಿಕೆಟ್ ಇರುತ್ತದೆ. ಭುಜ, ಮಂಡಿ ಮುಚ್ಚುವ ಬಟ್ಟೆ ತೊಡಬೇಕು, ಚಪ್ಪಲಿ ಹೊರಗೆ ಬಿಡಬೇಕು. ಸೀರೆ, ಚೂಡಿದಾರ್ ಎರಡೂ ನಡೆಯುತ್ತವೆ. ಒಳಗೆ ಫೋಟೋ ತೆಗೆಯಬೇಕಾದರೆ ಮೊದಲು ಬಾಗಿಲಲ್ಲಿರುವವರನ್ನು ಕೇಳಿ, ಬೇಡವೆಂದರೆ ಮೊಬೈಲನ್ನು ಚೀಲದೊಳಗೆ ಇಡಿ. ಹೊರಗಿನ ಗಡಿಯಾರ ಗೋಪುರಕ್ಕೆ ಅಂಥ ತಡೆಯಿಲ್ಲ. ಅದರ ಒಂದು ಮುಖದಲ್ಲಿ ಅಂಕಿಗಳು ಹೀಬ್ರೂ ಲಿಪಿಯಲ್ಲಿವೆ.