ವಯಸ್ಸು 17, ತೂಕ 66 ಕೆಜಿ. ಕೆಆರ್‌ಎಸ್‌ನ ನಮ್ಮ ಕ್ಲಬ್ಬಿನಲ್ಲಿ ನಾನೇ ಫಸ್ಟ್, ನ್ಯಾಷನಲ್ಸ್‌ನಲ್ಲಿ ಮಾತ್ರ ಹಿಂದಿನ ಸಾಲು. ಡಿಂಗಿ (ಸಣ್ಣ ಹಾಯಿದೋಣಿ) ರೇಸಿಂಗ್‌ನಲ್ಲಿ ಟಾಪ್‌ಗೆ ಬರೋಕೆ ಹೊಸ ದೋಣಿ ಕೊಳ್ಳಲಾ?

ಕೊಳ್ಳಬೇಡಿ. ನಮ್ಮಪ್ಪ ಸೊಸೈಟಿಯಲ್ಲಿ ಸಾಲ ಎತ್ತಿ ನನಗೆ ಹೊಸ ಲೇಸರ್ (ಒಬ್ಬರೇ ಓಡಿಸೋ ಡಿಂಗಿ) ಕೊಡಿಸಿದ್ದರು. ಹಾಗಾಗಿ ಇಷ್ಟು ಖಡಕ್ಕಾಗಿ ಹೇಳ್ತಿದ್ದೀನಿ.

ನಿಮ್ಮ ಹಾಗೇ ನಾನೂ ಕೆಆರ್‌ಎಸ್ ಹಿನ್ನೀರಿನ ಹುಲಿ. ಆಷಾಢದ ಗಾಳಿ ಎದ್ದಿತು ಅಂದರೆ ಸ್ಟ್ರಾಪಿಗೆ ಕಾಲು ಸಿಕ್ಕಿಸಿ, ಸೊಂಟ ದೋಣಿಯಾಚೆ ಚಾಚಿ, ತೊಡೆ ನಡುಗೋವರೆಗೂ ಹೈಕ್ ಮಾಡ್ತಿದ್ದೆ. ರೇಸಿಗೆ ಬರ್ತಿದ್ದದ್ದು ಐದಾರು ದೋಣಿ. ಸ್ಟಾರ್ಟ್ ಲೈನಿನಲ್ಲಿ ಬೇಕಾದ ಜಾಗ ಬೇಕಾದಾಗ ಸಿಗೋದು. ತಡವಾಗಿ ಹೊರಟರೂ ಮೊದಲ ಮಾರ್ಕಿಗೆ (ಸುತ್ತಿ ಬರಬೇಕಾದ ತೇಲುಗುರುತು) ಎಲ್ಲರನ್ನೂ ಹಿಂದೆ ಹಾಕ್ತಿದ್ದೆ. ಇದನ್ನೇ ಪ್ರತಿಭೆ ಅಂದುಕೊಂಡಿದ್ದೆ.

ಆಮೇಲೆ ಹೈದರಾಬಾದಿನ ಹುಸೇನ್ ಸಾಗರ. ಅಲ್ಲಿ ಒಂದೇ ಗೆರೆಯ ಮೇಲೆ ಹತ್ತಾರು ದೋಣಿ ಮೈಗೆ ಮೈ ತಾಗಿಸಿಕೊಂಡು ನಿಂತಿರ್ತಾವೆ. ಹಾಯಿಗಳ ಪಟಪಟ, ಎಡಕ್ಕೊಬ್ಬ ‘ಸ್ಟಾರ್‌ಬೋರ್ಡ್’ (ನನಗೆ ಗಾಳಿ ಬಲಗಡೆಯಿಂದ, ದಾರಿ ಬಿಡು) ಅಂತ ಕಿರುಚ್ತಾನೆ, ಬಲಕ್ಕೊಬ್ಬ ತನ್ನ ಬೂಮನ್ನು (ಹಾಯಿಯ ಕೆಳಗಿನ ಅಡ್ಡಗೋಲು) ನನ್ನ ತಲೆಯ ಹತ್ತಿರಕ್ಕೇ ತರ್ತಾನೆ. ಮೊದಲ ದಿನವೇ ಸ್ಟಾರ್‌ಬೋರ್ಡಿನವನಿಗೆ ದಾರಿ ಬಿಡದೆ ಡಿಸ್‌ಕ್ವಾಲಿಫೈ ಆದೆ. ಆ ಸರಣಿಯಲ್ಲಿ ಒಂದೇ ಡಿಸ್ಕಾರ್ಡ್ (ಲೆಕ್ಕದಿಂದ ಬಿಡಬಹುದಾದ ಕೆಟ್ಟ ರೇಸ್), ಅದು ಅಲ್ಲೇ ಖರ್ಚಾಯಿತು. ಆದರೂ ಕೊನೆಯ ರೇಸಿನ ಹೊತ್ತಿಗೆ ಮೊದಲ ಹತ್ತರೊಳಗೆ ಬರೋ ಅವಕಾಶ ಉಳಿದಿತ್ತು.

ಆ ರೇಸಿನ ಸ್ಟಾರ್ಟ್ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ತಾಳ್ಮೆ ಇರಲಿ. ಹೊರಡೋಕೆ ಐದು ನಿಮಿಷ ಇರುವಾಗ ಕ್ಲಾಸ್ (ದೋಣಿಯ ವರ್ಗದ) ಧ್ವಜ ಏರುತ್ತೆ, ನಾಲ್ಕಕ್ಕೆ ಸಿದ್ಧರಾಗಿ ಅನ್ನೋ ಪಿ ಧ್ವಜ, ಒಂದಕ್ಕೆ ಪಿ ಇಳಿಯುತ್ತೆ, ಸೊನ್ನೆಗೆ ಹೊರಡೋದು. ಇದು ನಿಮಗೆ ಗೊತ್ತಿರೋದೇ. ನಾನು ಪಿನ್ ಕಡೆ, ಅಂದರೆ ಗೆರೆಯ ತೇಲುಗುರುತಿನ ತುದಿಯಲ್ಲಿ, ಇದ್ದೆ. ದೋಣಿಗೆ ಬ್ರೇಕ್ ಇಲ್ಲ. ಶೀಟ್ (ಹಾಯಿಯ ಹಗ್ಗ) ಸಡಿಲ ಬಿಟ್ಟು, ಟಿಲ್ಲರ್ (ಚುಕ್ಕಾಣಿಯ ಹಿಡಿ) ಆಡಿಸ್ತಾ, ಗೆರೆಯ ಕೆಳಗೆ, ಅಂದರೆ ಹಿಂದೆ, ನಿಂತಲ್ಲೇ ನಿಲ್ಲೋದು ಒಂದು ವಿದ್ಯೆ. ನನಗೆ ಅದು ಬರ್ತಿರಲಿಲ್ಲ, ಐದು ದೋಣಿಯ ರೇಸಿನಲ್ಲಿ ಅದರ ಅಗತ್ಯವೇ ಬಿದ್ದಿರಲಿಲ್ಲ. ಹತ್ತು ಸೆಕೆಂಡ್ ಇರುವಾಗಲೇ ತೇಲಿ ಮುಂದಕ್ಕೆ ಬಂದಿದ್ದೆ. ಪಿನ್ನಿನ ನೇರಕ್ಕೆ ದಡದ ಯಾವ ಕಟ್ಟಡ ಬರುತ್ತೆ ಅಂತ ಮೊದಲೇ ನೋಡಿಟ್ಟುಕೊಂಡಿದ್ದರೆ ಗೆರೆ ಎಲ್ಲಿದೆ ಅಂತಾದರೂ ಗೊತ್ತಾಗಿರೋದು. ಅದನ್ನೂ ಮಾಡಿರಲಿಲ್ಲ.

ಹಾರ್ನ್ ಆಯಿತು. ಹಿಂದೆಯೇ ಇನ್ನೊಂದು ಹಾರ್ನ್, ರೇಸ್ ನಡೆಸೋರ ಕಮಿಟಿ ಬೋಟಿನಲ್ಲಿ ಎಕ್ಸ್ ಧ್ವಜ: ಯಾರೋ ಗೆರೆ ದಾಟಿದ್ದಾರೆ. ಯಾರು ಅಂತ ಅವರು ಕೂಗಿ ಹೇಳಬೇಕಿಲ್ಲ, ನಮಗೇ ಗೊತ್ತಿರಬೇಕು. ಪಿ ಧ್ವಜದ ಸ್ಟಾರ್ಟ್ ಆದ್ದರಿಂದ ತಿರುಗಿ ಬಂದು, ಪೂರ್ತಿ ಗೆರೆಯ ಕೆಳಗಿಳಿದು ಮತ್ತೆ ಹೊರಡಬಹುದಿತ್ತು. ಅರ್ಧ ನಿಮಿಷದ ನಷ್ಟ. ನನಗೆ ಒಳಗೊಳಗೇ ಗೊತ್ತಿತ್ತು. ಆದರೆ ನನಗಿಂತ ಮುಂದೆ ಇನ್ನಿಬ್ಬರಿದ್ದರು, ಅವರು ತಿರುಗಲಿಲ್ಲ. ಅವರೇ ಹೋಗ್ತಿದ್ದಾರೆ ಅಂದರೆ ನಂದೇನು ಅಂತ ಶೀಟ್ ಎಳೆದು ಹೋಗೇಬಿಟ್ಟೆ. ಬಹಳ ಚೆನ್ನಾಗಿ ಓಡಿಸಿದೆ, ಅದೇ ಹೊಟ್ಟೆ ಉರಿಸೋದು. ದಡಕ್ಕೆ ಬಂದು ಬೋರ್ಡ್ ನೋಡಿದರೆ ಮೂವರ ಹೆಸರಿನ ಮುಂದೂ ಓಸಿಎಸ್, ಅಂದರೆ ಹೊತ್ತಿಗೆ ಮುಂಚೆ ಗೆರೆ ದಾಟಿದವರು. ಇಲ್ಲಿ ಕಡಿಮೆ ಅಂಕದವನೇ ಗೆಲ್ಲೋದು. ಮೊದಲು ಬಂದವನಿಗೆ 1 ಅಂಕ, ಓಸಿಎಸ್ ಆದವನಿಗೆ ಒಟ್ಟು ದೋಣಿಗಿಂತ ಒಂದು ಹೆಚ್ಚು. 60 ದೋಣಿ ಇದ್ದರೆ 61. ಆ ಇಬ್ಬರಿಗೆ ಡಿಸ್ಕಾರ್ಡ್ ಉಳಿದಿತ್ತು, ಅದಕ್ಕೇ ಅವರು ತಿರುಗಿರಲಿಲ್ಲ. ಡಿಸ್ಕಾರ್ಡ್ ಇಲ್ಲದ ನಾನು ಅವರನ್ನು ನೋಡಿ ನಿರ್ಧಾರ ಮಾಡಿದ್ದೆ.

ಹೊಸ ದೋಣಿ ಇದರಲ್ಲಿ ಏನು ಮಾಡ್ತಿತ್ತು ಹೇಳಿ. ಲೇಸರ್, ಈಗಿನ ಹೆಸರಲ್ಲಿ ಐಎಲ್‌ಸಿಎ, ಹುಟ್ಟಿದ್ದೇ ಎಲ್ಲರ ದೋಣಿಯೂ ಒಂದೇ ಥರ ಇರಲಿ ಅಂತ. ಹಲ್ (ದೋಣಿಯ ಒಡಲು) ಮೆತ್ತಗಾಗಿದ್ದರೆ, ಹಾಯಿ ಜೋತುಬಿದ್ದಿದ್ದರೆ ಬದಲಿಸಿ, ಬೇಡ ಅನ್ನಲ್ಲ. ಅದರಿಂದ ಸಿಗೋದು ಕೆಲವು ಮೀಟರ್. ಕೆಟ್ಟ ಸ್ಟಾರ್ಟಿನಲ್ಲಿ ಬೇರೆಯವರ ಹಾಯಿಯ ಕೆಟ್ಟ ಗಾಳಿಗೆ ಸಿಕ್ಕಿಕೊಂಡರೆ ಹೋಗೋದು ನೂರಾರು ಮೀಟರ್.

ಆ ದುಡ್ಡನ್ನು ಓಡಾಟಕ್ಕಿಡಿ. ಹೈದರಾಬಾದ್, ಮುಂಬೈ, ಚೆನ್ನೈ, ಎಲ್ಲಿ ದೋಣಿಗಳ ಜಾತ್ರೆ ಇದೆಯೋ ಅಲ್ಲಿಗೆ ಹೋಗಿ, ಸೋತು ಬನ್ನಿ. ಚೆನ್ನೈನ ನೇತ್ರಾ ಕುಮನನ್ ಸ್ಪೇನಿನ ಗ್ರಾನ್ ಕನಾರಿಯಾಕ್ಕೆ ಹೋಗಿ ತರಬೇತಿ ಪಡೆದವರು. ಅಲ್ಲಿ ಸಿಗೋ ಗಾಳಿ, ಅಲ್ಲಿ ಸಿಗೋ ಎದುರಾಳಿಗಳು ಇಲ್ಲಿ ಸಿಗಲ್ಲ. ಇಷ್ಟಾಗಿಯೂ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರಿಗೆ 21ನೇ ಸ್ಥಾನ. ಏಷ್ಯನ್ ಗೇಮ್ಸ್ ಕಂಚು ಗೆದ್ದ ವಿಷ್ಣು ಸರವಣನ್ ಅವರಿಗೆ 18. ಅಲ್ಲಿ ಕೊನೆಯ ಮೆಡಲ್ ರೇಸಿಗೆ ಹೋಗಿದ್ದು ಮೊದಲ ಹತ್ತು ಜನ ಮಾತ್ರ. ನೀವು ‘ಟಾಪ್’ ಅಂತ ಬರೆದಿದ್ದೀರಲ್ಲ, ಅದು ಇರೋದು ಇಷ್ಟು ದೂರದಲ್ಲಿ.

ಕೆಆರ್‌ಎಸ್‌ನಲ್ಲೇ ನಾಳೆಯಿಂದ ಮಾಡಬಹುದಾದ್ದು ಒಂದಿದೆ. ಇರೋ ಐದು ದೋಣಿಗೆ ಇಪ್ಪತ್ತು ಮೀಟರಿನ ಗೆರೆ ಹಾಕಿ, ಎರಡೆರಡು ನಿಮಿಷಕ್ಕೊಂದು ಸ್ಟಾರ್ಟ್ ಮಾಡಿ. ರೇಸ್ ಬೇಡ, ಸ್ಟಾರ್ಟ್ ಮಾತ್ರ, ಕತ್ತಲಾಗೋವರೆಗೂ. ಬೇಜಾರಿನ ಕೆಲಸ, ನಿಮ್ಮ ಗೆಳೆಯರು ಬೈತಾರೆ.

ತೂಕ 66 ಕೆಜಿ ಅಂತಲೂ ಬರೆದಿದ್ದೀರಿ. ದೊಡ್ಡ ಹಾಯಿಯ ಐಎಲ್‌ಸಿಎ 7ಕ್ಕೆ 80 ಕೆಜಿಯ ಆಸುಪಾಸು ಬೇಕು. ಹದಿನೇಳಕ್ಕೇ ಅನ್ನ ತುರುಕಿಕೊಂಡು ದಪ್ಪ ಆಗೋ ಬದಲು ಈಗ ಸಣ್ಣ ಹಾಯಿಯ ಐಎಲ್‌ಸಿಎ 6ರಲ್ಲಿ ಓಡಿಸಿ. ಹಲ್ ಅದೇ, ಮಾಸ್ಟಿನ (ಹಾಯಿಗಂಬದ) ಕೆಳಗಿನ ತುಂಡು ಮತ್ತು ಹಾಯಿ ಮಾತ್ರ ಬೇರೆ. ಅಪ್ಪನ ಹತ್ತಿರ ಅಷ್ಟನ್ನು ಕೇಳಿದರೆ ಸಾಕು.